ಎರಡೆಣಿಸುವಷ್ಟು ಸಂದು

ಒಬ್ಬನ ಮಾತು ಮುಗಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು ಎಣಿಸಬೇಕು. ಆಮೇಲೆ ಇನ್ನೊಬ್ಬ ಬಾಯಿ ತೆರೆಯಬೇಕು. ರೇಡಿಯೋ ಹವ್ಯಾಸಿಗಳಲ್ಲಿ ಇದು ಹಿರಿಯರು ಹಾಕಿಕೊಟ್ಟ ಕಟ್ಟಳೆ. ಕಷ್ಟದಲ್ಲಿರುವವನು ಆ ಸಂದಿನಲ್ಲಿ ನುಸುಳಿ ಕೂಗಿಕೊಳ್ಳಲಿ ಎಂದು. ಆ ಮಧ್ಯಾಹ್ನ ಇಬ್ಬರು ಮುದುಕರು ಕಟ್ಟಳೆಯನ್ನು ಗಾಳಿಗೆ ತೂರಿದ್ದರು.

ಒಬ್ಬ ಹಡಗಿನಲ್ಲಿ ದುಡಿದು ಬಂದವನು, ಇನ್ನೊಬ್ಬ ಪಿಂಚಣಿ ಮೇಷ್ಟ್ರು. ಇಬ್ಬರ ನಡುವೆ ಒಂದು ಸಮುದ್ರವೇ ಇತ್ತು. ಅವರ ದನಿ ಇಂಟರ್ನೆಟ್ಟಿನಲ್ಲಿ ಹರಿದು ಈ ಮನೆಯ ಕಂಪ್ಯೂಟರಿಗೆ ಬಂದು, ಪಕ್ಕದ ರೇಡಿಯೋ ಹತ್ತಿ, ಗುಡ್ಡದ ಮೇಲಿನ ಮರುಪ್ರಸಾರದ ಪೆಟ್ಟಿಗೆ ಮುಟ್ಟಿ, ಅಲ್ಲಿಂದ ಸುತ್ತಲಿನ ಸೆಟ್ಟುಗಳಿಗೆಲ್ಲ ಹಂಚಿಹೋಗುತ್ತಿತ್ತು. ಈ ಕೊಂಡಿ ಕಟ್ಟಿದವನು ವೈರಿಂಗ್ ಕೆಲಸದ ತಮ್ಮ. ಅವನಿಲ್ಲದಾಗ ಕಾಯುವವಳು ಹೊಲಿಗೆಯ ಅಕ್ಕ. ತಾಯಿ ಹೋದಾಗ ಅವನಿಗೆ ಮೂರು ವರ್ಷ. ಎತ್ತಿ ಆಡಿಸಿ ಮನುಷ್ಯನನ್ನಾಗಿ ಮಾಡಿದವಳು ಇವಳೇ.

ಬೆಳಿಗ್ಗೆ ಕೈಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗುಡ್ಡದ ಮೇಲೆ ಆ ಪೆಟ್ಟಿಗೆಯಿರುವ ಗೂಡಿನ ಬ್ಯಾಟರಿ ಬದಲಿಸಲು ಹೊರಟವನು ಬಾಗಿಲಲ್ಲಿ ನಿಂತು ಹೇಳಿದ್ದ: "ಮೈಕ್ ಮುಟ್ಟಬೇಡ ಕಣಕ್ಕ, ನಿನಗೆ ಪರವಾನಗಿ ಇಲ್ಲ. ಇಂಟರ್ನೆಟ್ಟಿನ ಆ ನೀಲಿ ತಂತಿ ಅಂತೂ ಮುಟ್ಟಲೇಬೇಡ."

"ನಿನ್ನ ಡಬ್ಬ ನನಗ್ಯಾಕೋ? ನನ್ನ ಮಷೀನಿನ ಸದ್ದೇ ನನಗೆ ಸಾಕು. ಒಬ್ಬನೇ ಹೋಗಬೇಡ ಕಣೋ."

ಈಗ ಕಂಪ್ಯೂಟರಿನಲ್ಲಿ ಆಂಟೆನಾ ಯಾವುದರದ್ದಾಗಿರಬೇಕು ಎಂಬ ಜಗಳ ಕಾವೇರಿತ್ತು.

"ತಂತಿ ಅಂದ್ರೆ ತಾಮ್ರ ಸ್ವಾಮಿ! ಅಲ್ಯೂಮಿನಿಯಂ ಇರೋದು ಪಾತ್ರೆ ಮಾಡೋಕೆ!"

"ಪಾತ್ರೆ ನಿಮ್ಮನೇಲಿ ಮಾಡ್ಕೊಳಿ ಮೇಷ್ಟ್ರೇ! ನನ್ನ ಕಂಬ ಮೂವತ್ತು ವರ್ಷದಿಂದ ಅಲ್ಲಾಡಿಲ್ಲ!"

ಒಬ್ಬ ನಿಲ್ಲಿಸಿ ಇನ್ನೊಬ್ಬ ಹಿಡಿಯುವ ರೆಪ್ಪೆಯಷ್ಟು ಬಿಡುವಿನಲ್ಲಿ ರೇಡಿಯೋದಿಂದ ಏನೋ ಕೇಳಿಸಿತು. ಅಕ್ಕ ಪೆಡಲಿನಿಂದ ಕಾಲು ತೆಗೆದಳು. ಮತ್ತೊಂದು ಬಿಡುವು, ಮತ್ತೆ ಅದೇ. ಮಾತಲ್ಲ, ಸೀಟಿ ಹೊಡೆದಂಥ ಉಸಿರು. ತಮ್ಮನಿಗೆ ಎಳವೆಯಲ್ಲಿ ಉಬ್ಬಸ ಬಂದಾಗ ಎದೆಗೊರಗಿಸಿಕೊಂಡು ಎಷ್ಟು ಸಲ ಕೇಳಿದ್ದಳೋ ಆ ಉಸಿರನ್ನು. ಸಾವಿರದಲ್ಲೂ ಗುರುತಿಸಿಯಾಳು.

ಮುದುಕರಿಗೆ ಅದು ಕೇಳಿಸುವ ಹಾಗೇ ಇರಲಿಲ್ಲ. ಗಟ್ಟಿಯಾದ ಮಾತನ್ನಷ್ಟೇ ದಾಟಿಸಿ, ಸಣ್ಣ ಸದ್ದನ್ನು ಕಸವೆಂದು ಎಸೆಯುವ ಬುದ್ಧಿ ಆ ಕಂಪ್ಯೂಟರಿನದು. ಅವರ ಮಾತನ್ನು ಗುಡ್ಡಕ್ಕೆ ಸಾಗಿಸುವಷ್ಟು ಹೊತ್ತೂ ರೇಡಿಯೋ ಕಿವುಡು. ಗುಡ್ಡದಲ್ಲಿ ಫೋನೂ ಹಿಡಿಯದು.

"ಸಾಕು ನಿಲ್ಲಿಸ್ರಪ್ಪಾ!" ಎಂದು ಕಂಪ್ಯೂಟರಿಗೆ ಕೂಗಿದಳು. ಗೋಡೆಗೆ ಹೇಳಿದ ಹಾಗಾಯಿತು. ತಾಮ್ರ, ಅಲ್ಯೂಮಿನಿಯಂ, ತಾಮ್ರ.

ಅಕ್ಕ ನೀಲಿ ತಂತಿ ಹಿಡಿದು ಎಳೆದಳು.

ಕೋಣೆ ಒಮ್ಮೆಗೇ ಮೌನವಾಯಿತು. ಮೈಕ್ ಕೈಗೆತ್ತಿಕೊಂಡಳು. ತಮ್ಮ ಮಾಡುವುದನ್ನು ನೋಡಿದ್ದಳು: ಗುಂಡಿ ಒತ್ತಿದರೆ ಆಡಬಹುದು, ಬಿಟ್ಟರೆ ಕೇಳಬಹುದು. ಎರಡೂ ಒಟ್ಟಿಗೆ ಆಗದು.

"ಪುಟ್ಟಾ, ಮಾತು ಹೊರಡ್ತಿಲ್ವಾ? ಗುಂಡಿ ಒತ್ತಿ ಬಿಡು, ಸಾಕು. ಹೌದಂದ್ರೆ ಒಂದ್ಸಲ, ಇಲ್ಲಾಂದ್ರೆ ಎರಡು. ಬಿದ್ಯಾ?"

ಟಪ್. ಟಪ್.

"ಕಡಜ ಕಚ್ಚಿತಾ?"

ಟಪ್.

ಹೋದ ವರ್ಷ ಒಂದೇ ಒಂದು ಕಡಜ ಕಚ್ಚಿದ್ದಕ್ಕೆ ಅವನ ಮುಖ ಕುಂಬಳಕಾಯಿಯಾಗಿತ್ತು. ಇನ್ನೊಮ್ಮೆ ಕಚ್ಚಿದರೆ ಗಂಟಲೇ ಕಟ್ಟೀತು, ಸೂಜಿಗೆ ತಡ ಮಾಡಬೇಡಿ ಎಂದಿದ್ದರು ಡಾಕ್ಟರು.

"ಗುಡ್ಡದ ಹತ್ರ ಯಾರಿದ್ದೀರಪ್ಪಾ? ಯಾರಾದ್ರೂ ಸರಿ!"

"ಯಾರ್ರೀ ಅದು? ಪರವಾನಗಿ ನಂಬರ್ ಹೇಳದೆ ಮಾತಾಡಬಾರದು." ಹಾಲಿನ ವ್ಯಾನಿನವನು. ವ್ಯಾನಿನಲ್ಲೂ ಸೆಟ್ಟಿಟ್ಟುಕೊಂಡ ಹುಚ್ಚ. ಎಲ್ಲರಿಗೂ ಹಾಲಣ್ಣ.

"ನಂಬರ್ ಆಮೇಲೆ ಕೇಳೋ ಮಾರಾಯ! ಗುಡ್ಡದ ಗೂಡಲ್ಲಿ ನನ್ನ ತಮ್ಮಂಗೆ ಕಡಜ ಕಚ್ಚಿ ಉಸಿರು ಕಟ್ತಿದೆ!"

"ಅಯ್ಯೋ, ಅಕ್ಕ ನೀವಾ? ತಿರುವಲ್ಲೇ ಇದ್ದೀನಿ. ಅರ್ಧ ದಾರಿ ವ್ಯಾನು, ಮಿಕ್ಕಿದ್ದು ಓಡ್ತೀನಿ. ಕಾಲು ಗಂಟೆ. ಆಸ್ಪತ್ರೆಗೆ ಫೋನ್ ಮಾಡಿ, ಸೂಜಿ ರೆಡಿ ಇಟ್ಕೊಳ್ಳಲಿ."

ಫೋನ್ ಮಾಡಿದಳು. ಆಮೇಲೆ ಉಳಿದದ್ದು ಕಾಯುವ ಕೆಲಸ.

ನಡುನಡುವೆ ಒಂದು ಟಪ್ ಬರುತ್ತಿತ್ತು, ಇನ್ನೂ ಇದ್ದೇನೆ ಎನ್ನುವ ಹಾಗೆ. ಹೆದರಬೇಡ ಮಗಾ, ನಾನಿದ್ದೀನಿ ಎನ್ನಲು ಅಕ್ಕನ ನಾಲಿಗೆ ತುದಿಯವರೆಗೆ ಬರುತ್ತಿತ್ತು. ಆದರೆ ತಾನು ಗುಂಡಿ ಒತ್ತಿದ ಗಳಿಗೆಯಲ್ಲೇ ಅವನೂ ಒತ್ತಿದರೆ? ಸಮಾಧಾನ ಹೇಳಲು ಹೋಗಿ ಕಿವುಡಿಯಾದ ಹಾಗೆ. ಅವಳು ತುಟಿ ಕಚ್ಚಿಕೊಂಡು, ಪ್ರತಿ ಟಪ್ಪಿಗೂ ಮತ್ತೆ ಒಂದರಿಂದ ಎಣಿಸುತ್ತ ಕುಳಿತಳು. ಇಪ್ಪತ್ತಕ್ಕೊಂದು ಟಪ್. ಮೂವತ್ತೆಂಟಕ್ಕೊಂದು. ಎಪ್ಪತ್ತಾದರೂ ಇಲ್ಲ. ನೂರಾಯಿತು. ನೂರೈವತ್ತರ ಹೊತ್ತಿಗೆ ಬೆರಳು ಗುಂಡಿಯ ಮೇಲೇ ಬಂದಿತ್ತು. ಆದರೂ ಒತ್ತಲಿಲ್ಲ.

ಇನ್ನೂರಹನ್ನೆರಡಕ್ಕೆ ರೇಡಿಯೋ ಗರಗರ ಎಂದಿತು.

"ಸಿಕ್ಕಿದ! ಅಕ್ಕಾ, ಉಸಿರಿದೆ. ಒತ್ತೋಕೆ ಬೆರಳಲ್ಲಿ ಶಕ್ತಿ ಇಲ್ಲ, ಅಷ್ಟೆ. ಬೆನ್ನ ಮೇಲೆ ಹಾಕ್ಕೊಂಡು ಇಳೀತಿದ್ದೀನಿ. ಸೆಟ್ಟು ಅವನ ಕಿವಿಗೆ ಕಟ್ಟಿದ್ದೀನಿ. ಕಣ್ಣು ಎಳೀತಿದೆ, ಎಚ್ಚರ ತಪ್ಪದ ಹಾಗೆ ಏನಾದ್ರೂ ಮಾತಾಡ್ತಿರಿ!"

ಈಗ ಆಡಬಹುದಿತ್ತು, ಬಾಯಿಗೆ ಬಂದದ್ದು ಬೈಗುಳ.

"ಕಣ್ಣು ಮುಚ್ಚು ನೋಡೋಣ, ಚರ್ಮ ಸುಲೀತೀನಿ! ಒಬ್ಬನೇ ಹೋಗಬೇಡ ಅಂದ್ರೆ ಕೇಳಿದ್ಯಾ? ಮೊಂಡ! ಹುಟ್ಟಿದಾಗಿಂದ ಮೊಂಡ. ನಾಲ್ಕನೇ ವರ್ಷಕ್ಕೆ ಗುಂಡಿ ನುಂಗಿದ್ದೆ, ಗೊತ್ತಾ? ಕೋಟಿನ ಗುಂಡಿ! ಎರಡು ದಿನ ಕಾದು ಕೂತಿದ್ದೆ ಕಣೋ, ಅದು ಈಚೆ ಬರಲಿ ಅಂತ..."

ಉಸಿರೆಳೆದುಕೊಳ್ಳಲು ಮಾತ್ರ ಬೆರಳು ಬಿಡುತ್ತ, ಅವನು ಮರೆತ ಬಾಲ್ಯವನ್ನೆಲ್ಲ ಹರಡಿಕೊಂಡು ಬೈದಳು. ಕೇಳುತ್ತಿದ್ದಾನೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಸುತ್ತಲಿನ ಸೆಟ್ಟುಗಳಲ್ಲಿ ಎಷ್ಟು ಜನ ಕಿವಿಗೊಟ್ಟಿದ್ದರೋ, ಒಬ್ಬರೂ ನಡುವೆ ಬಾಯಿ ಹಾಕಲಿಲ್ಲ.

ಕೊನೆಗೆ ಫೋನ್ ಹೊಡೆದುಕೊಂಡಿತು. ಆಸ್ಪತ್ರೆಯಿಂದ ಹಾಲಣ್ಣ.

"ಅಕ್ಕಾ, ಇನ್ನು ನಿಲ್ಸಿ. ಸೂಜಿ ಬಿತ್ತು. ಸೀಟಿ ನಿಂತಿದೆ, ಕಣ್ಣು ಬಿಟ್ಟಿದ್ದಾನೆ. ಮಾತು ಇನ್ನೂ ಬರಲ್ಲ. ಸೆಟ್ಟಿನ ಕಡೆ ಕೈ ತೋರಿಸಿ ಎರಡೂ ಕಿವಿ ಮುಚ್ಕೊಂಡ!"

ಅಕ್ಕ ನಕ್ಕಳೋ ಅತ್ತಳೋ, ಹಾಲಣ್ಣನಿಗೆ ತಿಳಿಯಲಿಲ್ಲ. ಅವಳು ಬಾಗಿಲಿಗೆ ಬೀಗವನ್ನೂ ಹಾಕದೆ ಆಸ್ಪತ್ರೆಯ ಕಡೆ ಓಡಿದಳು.