ಬಂದವರಿಗೆ ತೋರಿಸುವ ಸೀಸೆ

ನನ್ನ ದೊಡ್ಡ ಮಗ ಒಂದು ಪ್ರಯೋಗಾಲಯದ ಮುಖ್ಯಸ್ಥ. ಚಿಕ್ಕವನ ಹೆಂಡತಿ ಅವನ ಕೈಕೆಳಗೇ ಸಂಶೋಧನೆ ಮಾಡುತ್ತಾಳೆ. ಅಲ್ಲಿ ಅವನು ಸರ್, ಮನೆಯಲ್ಲಿ ಬಾವ. ಎರಡೂ ಕಡೆ ಅವಳು ಎದುರಾಡುವ ಹಾಗಿಲ್ಲ.

ಅವಳ ಕೆಲಸವೆಲ್ಲ ನಿಂತಿದ್ದದ್ದು ಒಂದು ಕಿಣ್ವದ ಮೇಲೆ. ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ತೂರಿಸಿ, ಅದರ ಕೈಲಿ ತಯಾರು ಮಾಡಿಸಿ, ಸೋಸಿ ತೆಗೆದದ್ದು. ಔಷಧಿಯಲ್ಲ, ಪ್ರಯೋಗಕ್ಕೆ ಮಾತ್ರ. ಹೆಬ್ಬೆರಳಿಗಿಂತ ಚಿಕ್ಕ ಸೀಸೆ, ತಳದಲ್ಲಿ ಹೆಪ್ಪುಗಟ್ಟಿದ ಒಂದು ಹನಿ. ಕೊರೆಯುವ ಫ್ರೀಜರಿನಲ್ಲೇ ಇರಬೇಕು. ಕರಗಿ ಮತ್ತೆ ಹೆಪ್ಪುಗಟ್ಟಿದಷ್ಟು ಸಲವೂ ಅದರ ಶಕ್ತಿ ಸೋರಿಹೋಗುತ್ತದೆ.

“ಬಾವ, ಚಿಕ್ಕ ಚಿಕ್ಕ ಟ್ಯೂಬಿಗೆ ಹಂಚಿಟ್ಟುಬಿಡೋಣ. ಬೇಕಾದಾಗ ಒಂದೊಂದೇ ತೆಗೀಬಹುದು,” ಅಂದಳು ತಿಂಡಿಯ ಹೊತ್ತಿನಲ್ಲಿ.

“ಹಂಚಿಬಿಟ್ರೆ ಬಂದವರಿಗೆ ಏನಮ್ಮಾ ತೋರಿಸೋದು, ನನ್ನ ಮುಖಾನಾ?”

ತೋರಿಸುವುದೆಂದರೆ ಅವನಿಗೆ ಪ್ರಾಣ. ಯಾರೇ ಬರಲಿ, ನಲ್ಲಿ ರಿಪೇರಿಯವನೇ ಬರಲಿ, ಸೀಸೆ ತೆಗೆದು ಅಂಗೈಯಲ್ಲಿಟ್ಟು, “ಇದು ಮನುಷ್ಯನದೇ, ಆದ್ರೆ ಯಾವ ಮನುಷ್ಯನಿಂದಲೂ ತೆಗೆದದ್ದಲ್ಲ!” ಅನ್ನುತ್ತಿದ್ದ. ಬಂದವರು ಬಾಯಿ ಬಿಟ್ಟು ಮುಚ್ಚುವಷ್ಟರಲ್ಲಿ ಹನಿ ಕರಗಿರುತ್ತಿತ್ತು. ಬೀಗರ ಕೈಗೂ ಕೊಟ್ಟ. ನನ್ನ ಕೈಗೂ ಕೊಟ್ಟ. ಹೆತ್ತವಳಲ್ಲವೇ, ನಾನೂ ಉಬ್ಬಿದೆ. ಸೊಸೆಯ ಮುಖ ನೋಡಿ ತಟ್ಟನೆ ಹಿಂದಕ್ಕೆ ಕೊಟ್ಟೆ.

ಸೊಸೆಯ ಪ್ರಯೋಗದಲ್ಲಿ, ಕಿಣ್ವಕ್ಕೆ ಶಕ್ತಿಯಿದ್ದರೆ ಅದು ಬಿದ್ದ ಟ್ಯೂಬು ಹಳದಿಯಾಗಬೇಕು. ಆಗಲಿಲ್ಲ. ಇನ್ನೊಮ್ಮೆ ಮಾಡಿದಳು, ಆಗಲೂ ಇಲ್ಲ.

“ನಿನ್ನ ಕೈಗುಣವೇ ಸರಿಯಿಲ್ಲಮ್ಮಾ,” ಅಂದ ಊಟಕ್ಕೆ ಕೂತು. “ಪ್ರಯೋಗ ನೋಡೋಕೆ ಬರೋ ಪರೀಕ್ಷಕರ ಮುಂದೂ ಹೀಗೇ ಆದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ. ತಮ್ಮನ ಹೆಂಡತಿ ಅಂತೆಲ್ಲಾ ನೋಡಲ್ಲ.”

“ಬಾವ, ಅದು ಎಷ್ಟೋ ಸಲ ಕರಗಿ...”

“ವಿಜ್ಞಾನದಲ್ಲಿ ನೆಪ ಹೇಳಬಾರದು. ಅಮ್ಮಾ, ಉಪ್ಪು ಕೊಡು.”

ಕೊಟ್ಟೆ. ತಲೆಯ ಮೇಲೆ ಸುರಿಯೋಣ ಅನ್ನಿಸಿತ್ತು.

ಅವಳು ಹೊಸ ಸೀಸೆ ತರಿಸಿದಳು. ಅದು ಬಂದ ದಿನ ಇವನು ಬೇರೆ ಊರಿನಲ್ಲಿ ಭಾಷಣ ಬಿಗಿಯುತ್ತಿದ್ದ. ಸೀಸೆ ಕೈಗೆ ಬಂದ ಕೂಡಲೇ ಚಿಕ್ಕ ಟ್ಯೂಬುಗಳಿಗೆ ಹಂಚಿ, ಫ್ರೀಜರಿನ ಹಿಂದಿನ ಮೂಲೆಗೆ ತಳ್ಳಿಟ್ಟಳು. ಹಳೆಯದು ಮುಂದಿನ ಸಾಲಿನಲ್ಲೇ ಉಳಿಯಿತು, ಕೆಟ್ಟ ಗಡಿಯಾರವನ್ನು ಮಗುವಿನ ಆಟಕ್ಕೆ ಬಿಡುತ್ತೇವಲ್ಲ, ಹಾಗೆ. ಮುಚ್ಚಿಟ್ಟಳು ಅನ್ನುವಂತಿಲ್ಲ. “ಬಾವ, ಹೊಸದು ಬಂತು, ಹಂಚಿಟ್ಟಿದ್ದೀನಿ,” ಅಂತ ನನ್ನೆದುರಿಗೇ ಹೇಳಿದಳು. ಅವನು ಭಾಷಣದ ಫೋಟೊಗಳಲ್ಲಿ ತನ್ನನ್ನು ಹುಡುಕುತ್ತಾ “ಹ್ಞೂಂ” ಅಂದ.

ಪರೀಕ್ಷಕರು ಬಂದರು. ಮುಂದಿನದು ಸೊಸೆ ಹೇಳಿದ್ದು. ಇವನು ಎಂದಿನಂತೆ ಮುಂದಿನ ಸಾಲಿನ ಹಳೆಯ ಸೀಸೆ ಎತ್ತಿ ಹಿಡಿದು ಮಾತಾಡಿದನಂತೆ, ಮಾತಾಡಿದನಂತೆ, ಕೊನೆಗೆ ಹುರುಪು ತಡೆಯಲಾರದೆ, “ಇವತ್ತು ನಾನೇ ಇದರಿಂದ ಒಂದು ಟ್ಯೂಬು ಮಾಡ್ತೀನಿ,” ಅಂದನಂತೆ. ಅವಳದೊಂದು, ಅವನದೊಂದು, ಪಕ್ಕಪಕ್ಕದಲ್ಲಿ ಇಟ್ಟರು. ಅವಳದು ನೋಡನೋಡುತ್ತಾ ಹಳದಿಯಾಯಿತು. ಅವನದು ತಿಳಿನೀರು.

“ನಿಮ್ಮದನ್ನ ಎಲ್ಲಿಟ್ಟಿದ್ರಿ?” ಅಂತ ಪರೀಕ್ಷಕಿ ಸೊಸೆಯನ್ನು ಕೇಳಿದರಂತೆ.

“ಯಾರೂ ನೋಡದ ಕಡೆ, ಮೇಡಂ.”

ಕೆಲಸ ಅವಳಿಗೇ ಉಳಿಯಿತು. ಅಂದು ಊಟಕ್ಕೆ ಕೂತು ನನ್ನ ಮಗ, ಟ್ಯೂಬು ತೊಳೆದವರು ಸರಿಯಾಗಿ ತೊಳೆದಿರಲಿಲ್ಲ ಅಂತ ವಿವರಿಸಿದ. ಆಮೇಲೆ, “ಅಮ್ಮಾ, ಉಪ್ಪು.”

“ನಿನ್ನ ಕೈ ಪಕ್ಕದಲ್ಲೇ ಇದೆ. ಹಿಡ್ಕೊಂಡು ಕೂರಬೇಡ, ಬಡಿಸ್ಕೊ.”

ಸೊಸೆ ತಲೆ ತಗ್ಗಿಸಿ ನಕ್ಕಳು.

ಆ ಹಳೆಯ ಸೀಸೆ ಈಗ ಅವನ ಮೇಜಿನ ಮೇಲಿದೆ. ಬಂದವರಿಗೆಲ್ಲ ತೋರಿಸುತ್ತಾನೆ. ತೋರಿಸಲಿ ಪಾಪ, ಇನ್ನೆಷ್ಟು ಹಿಡಿದರೂ ಅದಕ್ಕೆ ಏನೂ ಆಗುವುದಿಲ್ಲ.