ಹಸಿರು ಬಳೆ ಒಡೆದದ್ದಕ್ಕೆ

“ಅವ್ವಾ, ಲೈಟ್ ಯಾಕ ಆರಿಸೀರಿ?”

ಮಗಳು ಶೀತಲ್ ಕೇಳಿದ್ದೇ ಅನಸವ್ವ ಥಟ್ಟನೆ ಕಿಟಕಿಯತ್ತ ತಿರುಗಿದಳು. ಜಮಖಂಡಿಯ ಆಸ್ಪತ್ರೆಯ ಕಿಟಕಿಯಿಂದ ನಡುಮಧ್ಯಾಹ್ನದ ಬಿಸಿಲು ಮಗಳ ಮುಖದ ಮೇಲೆಯೇ ಬಿದ್ದಿತ್ತು.

ಹಿಂದಿನ ದಿನ ಬನಹಟ್ಟಿಯ ಗಂಡನ ಮನೆಯಲ್ಲಿ ತುಂಬು ಬಸುರಿ ಶೀತಲ್‌ಗೆ ಫಿಟ್ಸ್ ಬಂದಿತ್ತು. ಇಲ್ಲಿಗೆ ತಂದ ಮೇಲೆ ವೈದ್ಯರು ಅದನ್ನು ತಡೆಯುವ ಇಂಜೆಕ್ಷನ್ ಕೊಟ್ಟು, ಬಿಪಿ ಇಳಿಸಿ, ಆಪರೇಷನ್ ಮಾಡಿ ಗಂಡುಕೂಸನ್ನು ಹೊರತೆಗೆದಿದ್ದರು.

ಡಾಕ್ಟರ್ ಅನುರಾಧಾ ಟಾರ್ಚ್ ಬಿಟ್ಟು ನೋಡಿದರು. “ಕಣ್ಣು ಛಲೋ ಅದಾವ್ರಿ. ಬಿಪಿ ಏರಿ ಮಿದುಳಿನ ಹಿಂದಿನ ಭಾಗ ಬಾತೈತಿ, ಅದಕ್ಕ ಕಾಣವಲ್ದು. ಬಿಪಿ ಹಿಡಿತಕ್ಕ ಬಂದ್ರ ಬಹಳ ಮಂದಿಗೆ ದೃಷ್ಟಿ ತಿರುಗಿ ಬರತೈತಿ.”

“ಎಲ್ಲಿ ಬರತೈತಿ?” ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ ಅತ್ತೆ ಶಿವವ್ವ ಅನಸವ್ವನತ್ತ ಬೆರಳು ಮಾಡಿ ಅಂದಳು. “ಬಸುರಿ ಹಸರ ಬಳಿ ಒಡದಾಳ ಇಕಿ, ಹಡದ ತಾಯಿ!”

ಬಳೆ! ಕುಬಸದ, ಅಂದರೆ ಸೀಮಂತದ, ದಿನವೇ ಶೀತಲ್‌ಳ ಕೈ ಬಾತಿದ್ದವು. ಬಳೆಗಾರ ಸಾಬೂನು ಹಚ್ಚಿ ಒತ್ತಿ ತೊಡಿಸುವಾಗ “ಮೈ ತುಂಬ್ಯಾಳ ನನ್ನ ಸೊಸಿ” ಎಂದು ಶಿವವ್ವ ಬೀಗಿದ್ದಳು. ಆಮೇಲೆ ತಲೆ ಸಿಡಿಯುತ್ತದೆ ಎಂದರೆ ಮನೆಯ ಮಗ್ಗದ ಸಪ್ಪಳಕ್ಕೆ ಅಂದಳು. ಕಣ್ಣ ಮುಂದೆ ಮಿಂಚು ಹೊಡೆಯುತ್ತದೆ ಎಂದರೆ ಮೊಬೈಲ್ ನೋಡಿದ್ದಕ್ಕೆ. ದವಾಖಾನೆಗೆ ತೋರಿಸಿರೆಂದು ಅನಸವ್ವ ಮಹಾಲಿಂಗಪುರದಿಂದ ಫೋನ್ ಮಾಡಿದರೆ “ನಾವೇನು ಹಡದಿಲ್ಲೇನು?” ಎಂದು ಇಟ್ಟಿದ್ದಳು. ನಿನ್ನೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ನಿಗೆ ನರ ಹುಡುಕಲು ಬಳೆ ತೆಗೆಯಬೇಕೆಂದ ಸಿಸ್ಟರ್‌ಗೆ ಅಡ್ಡ ನಿಂತವಳೂ ಅವಳೇ. ಸುದ್ದಿ ತಿಳಿದು ಅನಸವ್ವ ಊರಿಂದ ಓಡಿ ಬಂದು, ಅವಳನ್ನು ನೂಕಿ, ಮಗಳ ಕೈಗೆ ಸೆರಗು ಸುತ್ತಿ ಅಷ್ಟೂ ಬಳೆ ಒಡೆದಿದ್ದಳು.

“ಕುರುಡಿನ್ನ ಕಟಗೊಂಡು ನನ್ನ ಮಗ ಏನ ಮಾಡ್ಯಾನು?” ಶಿವವ್ವ ಬಿಡಲಿಲ್ಲ. “ನಿನ್ನ ಮಗಳ್ನ ನೀ ಒಯ್ಯಿ. ಕೂಸು ನಮಗ ಬಿಡು.”

ಅನಸವ್ವ ಅಳಿಯ ಮಾಂತೇಶನತ್ತ ತಿರುಗಿದಳು. ಅವನು ಮೊಬೈಲ್ ತಿಕ್ಕುತ್ತಿದ್ದ.

“ಯಪ್ಪಾ ಮಾಂತೇಶಾ, ಬಾಯಾಗ ಮಗ್ಗದ ಲಾಳಿ ಸಿಕ್ಕೊಂಡೈತೇನು?”

“ಅವ್ವ ಹೇಳ್ತಾಳಲ್ರಿ…”

“ಏನ ಹೇಳ್ತಾಳ? ಬಳಿ ಒಡದಾಕಿ ನಾನ. ತಲಿ ಒಡೀಲಿಲ್ಲ, ಪುಣ್ಯಾ ಅನ್ನು!”

ಸಿಸ್ಟರ್ ಬಂದು ಎಲ್ಲರನ್ನೂ ಹೊರಗೆ ಹಾಕಿದಳು. ಶಿವವ್ವ ಮಗನನ್ನು ಕರೆದುಕೊಂಡು ಬನಹಟ್ಟಿಗೆ ಹೊರಟಳು; ಕೂಸನ್ನು ಅನಸವ್ವ ಬಿಟ್ಟುಕೊಡಲಿಲ್ಲ.

ವಾರ ತುಂಬುವ ಮೊದಲೇ ಶೀತಲ್‌ಗೆ ನೆರಳು ಕಾಣತೊಡಗಿತು. ಒಂದು ಮುಂಜಾನೆ ತಾಯಿಯ ಸೆರಗು ಹಿಡಿದು “ದಡಿ ಕೆಂಪೈತಲ್ಲವ್ವಾ?” ಅಂದಳು. ಅನಸವ್ವ ಕೂಸನ್ನು ತಂದು ಅವಳ ಕಣ್ಣ ಮುಂದೆ ಹಿಡಿದಳು.

ಸುದ್ದಿ ಬನಹಟ್ಟಿ ಮುಟ್ಟಿದ್ದೇ ತಡ, ಶಿವವ್ವ ಹೊಸ ಹಸಿರು ಬಳೆ ಹಿಡಿದು ಮಗನ ಜೊತೆ ಬಂದಳು. “ದೇವ್ರು ದೊಡ್ಡಾಂವ. ಕೈ ಕೊಡವ್ವಾ, ಮನೀಗಿ ಹೋಗೂನು.”

ಶೀತಲ್ ಕೈ ಕೊಡಲಿಲ್ಲ. ಅತ್ತೆಯನ್ನೂ ಗಂಡನನ್ನೂ ನೆಟ್ಟಗೆ ನೋಡಿದಳು.

“ಅತ್ತೀ, ನನ್ನ ಕಣ್ಣಷ್ಟ ಹೋಗಿದ್ದೂವು. ಕಿವಿ ಇದ್ದೂವು.”

ಮಾಂತೇಶ ಮೊಬೈಲ್ ಕೆಳಗಿಳಿಸಿದ. ಅನಸವ್ವ ಕೂಸನ್ನು ಎತ್ತಿ ಮಗಳ ಮಡಿಲಲ್ಲಿಟ್ಟು, ಅಡ್ಡ ಬಂದು ಕೂತಳು. ಸಿಸ್ಟರ್ ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿ ತಂದಾಗ ಮಾತ್ರ ಶೀತಲ್ ಬಳೆಗಾಜು ಗೀರಿದ ಬರಿಗೈಯನ್ನು ಮುಂದೆ ಚಾಚಿದಳು.