ಎತ್ತರದ ಗಾಡಿ

"ಅಕ್ಕ, ಕೂತು ನೋಡಿ, ಮನೆ ಸೋಫಾದಲ್ಲಿ ಕೂತ ಹಾಗಿದೆ," ಎನ್ನುತ್ತ ಕಿರಿಸೊಸೆ ಬಿಳಿ ಕಾರಿನ ಮುಂದಿನ ಬಾಗಿಲನ್ನು ಅಗಲಕ್ಕೆ ತೆರೆದು ಹಿಡಿದಳು.

ಹಿರಿಸೊಸೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ತಿರುಗಿಸಿ ನಿಂತು ಸುಮ್ಮನೆ ಹಿಂದಕ್ಕೆ ವಾಲಿದಳು. ಸೀಟು ತಾನಾಗಿಯೇ ಬಂದು ತಾಗಿತು. ಕಾಲು ಎತ್ತಬೇಕಾಗಲಿಲ್ಲ, ತಲೆ ಬಗ್ಗಿಸಬೇಕಾಗಲಿಲ್ಲ. ಅತ್ತೆಗೆಂದೇ ಹೇಳಿ ಮಾಡಿಸಿದ ಹಾಗಿತ್ತು.

ಅವಳು ಬಂದಿದ್ದೇ ಅತ್ತೆಯ ಬದಲಿಗೆ. ಅಣ್ಣತಮ್ಮಂದಿರ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಈಚೆಗೆ ಚೆನ್ನಾಗಿ ನಡೆಯುತ್ತಿತ್ತು. ಮನೆಗೊಂದು ಕಾರು ತರುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಗಾಡಿ ಚಿಕ್ಕದಿರಬೇಕು, ಪೆಟ್ರೋಲಿನದೇ ಆಗಬೇಕು, ಹಾಗಂತ ನೆಲಕ್ಕೆ ಅಂಟಿಕೊಂಡಿರಬಾರದು, ಎಸ್‌ಯುವಿ ಅನ್ನಿಸಿಕೊಳ್ಳಬೇಕು. ಅಳೆದು ಸುರಿದು ಕೊನೆಗೆ ಎರಡು ಉಳಿದವು. ಬೆಲೆಯಲ್ಲಿ ಹೆಚ್ಚುಕಮ್ಮಿ ಇಲ್ಲ, ಷೋರೂಮುಗಳೂ ಎದುರುಬದುರು. "ನನ್ನನ್ನ ಅಲ್ಲಿ ಇಲ್ಲಿ ಎಳೆದಾಡಬೇಡಿ. ಹಿರಿಯಳು ನೋಡ್ಕೊಂಡು ಬರ್ಲಿ. ನನ್ನ ಮಂಡಿ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು," ಎಂದಿದ್ದರು ಅತ್ತೆ. ಆ ಮಾತನ್ನು ಹಿರಿಸೊಸೆ ದಾರಿಯುದ್ದಕ್ಕೂ ಕಲ್ಲುಸಕ್ಕರೆಯಂತೆ ಬಾಯಲ್ಲಿಟ್ಟುಕೊಂಡು ಬಂದಿದ್ದಳು.

"ಇದ್ರಲ್ಲಿ ಕ್ಲಚ್ಚೇ ಇಲ್ಲ ಮೇಡಂ, ಗೇರಿನ ರಗಳೆನೂ ಇಲ್ಲ. ಓಡಿಸಿ ನೋಡ್ತೀರಾ?" ಎಂದು ಷೋರೂಮಿನವನು ಕೀಲಿ ಚಾಚಿದ. ಅವನು ಚಾಚಿದ್ದು ಕಿರಿಸೊಸೆಯ ಕಡೆಗೆ. ತವರಿನಲ್ಲಿ ಅಪ್ಪನ ಇಂಥದೇ ಕ್ಲಚ್ಚಿಲ್ಲದ ಕಾರು ಓಡಿಸಿ ಪಳಗಿದವಳು ಅವಳು. ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗುವಾಗಿನ ಚೂಟಿಯಲ್ಲೇ ಹತ್ತಿ ಕುಳಿತಳು. ಕಾರು ನೀರಿನ ಮೇಲೆ ದೋಣಿ ಸರಿದಂತೆ ಸರಿಯಿತು.

"ಲೋ, ನಮ್ಮಿಬ್ಬರಿಗಿಂತ ಚೆನ್ನಾಗಿ ಓಡಿಸ್ತಾಳಲ್ಲೋ!" ಎಂದು ಹಿರಿಸೊಸೆಯ ಗಂಡ ಪಕ್ಕದಲ್ಲಿದ್ದ ತಮ್ಮನ ಬೆನ್ನಿಗೊಂದು ಗುದ್ದಿ, ಹೆಂಡತಿಯ ಕಡೆ ತಿರುಗಿದ. "ಇನ್ಮೇಲೆ ಬುಧವಾರ ಅಮ್ಮನ್ನ ಇವಳೇ ಕರ್ಕೊಂಡು ಹೋಗಿಬರ್ತಾಳೆ ಬಿಡು. ಆಟೋಗೆ ಕಾಯೋ ಕಾಟ ನಿನಗೂ ತಪ್ಪಿತು."

ಹಿರಿಸೊಸೆ ನಕ್ಕಳು. ಒಳಗೆ ಮಾತ್ರ ಕೆಂಡ ತುಳಿದಂತಾಯಿತು.

ಕಾಟವಂತೆ! ಬುಧವಾರ ಎಂದರೇನೆಂದು ಈ ಗಂಡಸರಿಗೇನು ಗೊತ್ತು? ಮಂಡಿಗೆ ವ್ಯಾಯಾಮ ಮಾಡಿಸುವ ಡಾಕ್ಟರ ಹತ್ತಿರ ಹೋಗಿಬರುವ ಆ ಒಂದು ಮಧ್ಯಾಹ್ನ ಅತ್ತೆ ಬೇರೆಯೇ ಹೆಂಗಸು. ಆಟೋದ ಗದ್ದಲದಲ್ಲಿ ಅವಳ ಕಿವಿಗೆ ಬಾಯಿ ಹಚ್ಚಿಯೇ ಮಾತಾಡಬೇಕು. ಮನೆಯಲ್ಲಿ ಯಾರ ಮುಂದೂ ಆಡದ ಮಾತು ಆಗ ಹೊರಬೀಳುತ್ತಿತ್ತು: ಮಾವನವರ ಮುಂಗೋಪ, ಮಕ್ಕಳಿಬ್ಬರ ಹುಕಿ, ತಾವು ಸೊಸೆಯಾಗಿ ಬಂದ ಹೊಸತರಲ್ಲಿ ಬಚ್ಚಲಲ್ಲಿ ಕದ ಹಾಕಿಕೊಂಡು ಅತ್ತದ್ದು. ಬರುವಾಗ ಬಟ್ಟೆ ಅಂಗಡಿಯ ಗಾಜಿನ ಮುಂದೆ ಇಬ್ಬರೂ ನಿಂತು, ಕೊಳ್ಳದ ಸೀರೆಗೆಲ್ಲ ಹೆಸರಿಡುತ್ತಿದ್ದರು. ಇದನ್ನೂ ಕಿರಿಯಳಿಗೇ ಒಪ್ಪಿಸಿಬಿಡಬೇಕೇ? ಹಾಡು ಬರುತ್ತದೆ, ಇಂಗ್ಲಿಷ್ ಬರುತ್ತದೆ, ಸಂಬಳ ಬರುತ್ತದೆ. ಈಗ ಅತ್ತೆಯೂ ಬೇಕೇ ಅವಳಿಗೆ?

ರಸ್ತೆ ದಾಟಿ ಎದುರಿನ ಷೋರೂಮಿಗೆ ಹೋದರು. ಅಲ್ಲಿದ್ದದ್ದು ಕೆಂಪು ಗಾಡಿ, ಎದೆ ಸೆಟೆಸಿ ನಿಂತ ಪೈಲ್ವಾನನ ಹಾಗೆ. ದೊಡ್ಡ ಡಿಕ್ಕಿ, ಅಂಗಡಿಯ ಸಾಮಾನೂ ಹಿಡಿಯುತ್ತದೆಂದು ಮೈದುನನ ಕಣ್ಣರಳಿತು. ಆದರೆ ಹತ್ತುವಾಗ ಹಿರಿಸೊಸೆ ಮೇಲಿನ ಹಿಡಿ ಹಿಡಿದು ಕಾಲೆತ್ತಿ ಜೀಕಬೇಕಾಯಿತು. ಅವಳ ಗಟ್ಟಿ ಮಂಡಿಯೇ ಚುರ್ ಎಂದಿತು. ಇದಕ್ಕೆ ಗೇರು ಕೈಯಲ್ಲೇ ಹಾಕಬೇಕು. ಷೋರೂಮಿನ ಮುಂದಿನ ಏರಿನಲ್ಲಿ ಕಿರಿಸೊಸೆ ಕ್ಲಚ್ ಬಿಟ್ಟೊಡನೆ ಗಾಡಿ ಕೆಮ್ಮಿ ನಿಂತಿತು. ಮತ್ತೆ ಹೊರಟು ಮತ್ತೆ ನಿಂತಿತು. ಹಿಂದಿನ ಲಾರಿಯವನು ಹಾರನ್ ಒತ್ತಿದ. "ಅಯ್ಯೋ, ನನಗೆ ಇದು ಬರಲ್ಲಪ್ಪ," ಎಂದು ಕೆಂಪೇರಿದ ಮುಖದಲ್ಲಿ ಇಳಿದು ಬಂದಳು. ಹಿರಿಸೊಸೆಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಅತ್ತಿಗೆ, ನೀವೇ ಹೇಳಿಬಿಡಿ. ಅಮ್ಮನಿಗೆ ಯಾವುದು?" ಎಂದ ಮೈದುನ.

"ಇದೇ," ಎಂದಳು. ಧ್ವನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಎತ್ತರ ಇದ್ರೆ ಮಂಡಿ ಬಗ್ಗಿಸಬೇಕಾಗಿಲ್ಲ. ಅದು ತೀರಾ ತಗ್ಗು."

"ಆದ್ರೆ ಅಕ್ಕ, ಆ ಬಿಳಿದು ಹತ್ತೋಕೆ..." ಎಂದ ಕಿರಿಸೊಸೆ ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. "ಇರ್ಲಿ ಬಿಡಿ. ನಿಮಗೆ ಗೊತ್ತಿದ್ದಷ್ಟು ನನಗೇನು ಗೊತ್ತು."

ಕೆಂಪು ಗಾಡಿ ಮನೆಗೆ ಬಂದ ದಿನ ಅತ್ತೆ ಹೊಸ ಚಪ್ಪಲಿ ಮೆಟ್ಟಿ ಹೊರಗೆ ಬಂದರು. ಒಂದು ಕಾಲು ಎತ್ತಿದರು. ಅದು ಅಂಚಿನವರೆಗೂ ಹೋಗದೆ ಕೆಳಗಿಳಿಯಿತು. ಇನ್ನೊಂದು ಕಾಲು ಎತ್ತಿ ನೋಡಿದರು. ಹಿರಿಸೊಸೆ ಹೆಗಲು ಕೊಟ್ಟಳು, ಗಂಡ ಒಳಗಿನಿಂದ ಕೈ ಹಿಡಿದೆಳೆದ. ಮಂಡಿ ಲಟಕ್ಕೆಂದ ಸದ್ದು ಎಲ್ಲರಿಗೂ ಕೇಳಿಸಿತು.

"ಇದರ ಜೊತೆ ಏಣಿ ಕೊಡಲಿಲ್ವೇನೋ?" ಎಂದು ಅತ್ತೆ ನಕ್ಕರು. ಕಣ್ಣಂಚಿನಲ್ಲಿ ನೀರಿತ್ತು. "ಗಾಡಿ ಚೆನ್ನಾಗೇ ಇದೆ. ಹಿರಿಯಳು ನೋಡಿ ಹೇಳಿದ್ದಲ್ವಾ. ನನ್ನ ಕಾಲೇ ಕೆಟ್ಟು ಕೂತಿದೆ."

ಆ ಬುಧವಾರ ಅತ್ತೆ "ಇವತ್ತು ಬೇಡ," ಎಂದರು. ಮುಂದಿನ ಬುಧವಾರವೂ ಬೇಡವಾಯಿತು. ಆಟೋದಲ್ಲಿ ಹೋಗೋಣವೆಂದರೆ ಗಂಡ ರೇಗಿದ: "ಬಾಗಿಲಲ್ಲಿ ಹೊಸ ಕಾರು ಇಟ್ಕೊಂಡು ಆಟೋನಾ? ನೋಡಿದವರು ಏನಂದಾರು?" ಕಾರು ಬಾಗಿಲಲ್ಲೇ ನಿಂತಿತು. ಹೊರಗೆ ಹೋಗದ ಅತ್ತೆಯ ಮಂಡಿ ಊದಿಕೊಂಡಿತು. ಬೆಳಗಾಗುತ್ತಲೇ ಕಿರಿಸೊಸೆ ಮಾತ್ರ ಗಂಡನನ್ನು ಎಬ್ಬಿಸಿಕೊಂಡು ಬಯಲಿಗೆ ಹೋಗಿ ಗೇರು ಕಲಿಯುತ್ತಿದ್ದಳು. ಗಾಡಿ ಮುಗ್ಗರಿಸುತ್ತ ಹಿಂದಿರುಗುವ ಸದ್ದು ದಿನದಿನಕ್ಕೆ ಕಡಿಮೆಯಾಗುತ್ತಿರುವುದನ್ನು ಹಿರಿಸೊಸೆ ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆಯ ಮಂಡಿಗೆ ಎಣ್ಣೆ ಹಚ್ಚುತ್ತಿದ್ದಾಗ ತಡೆಯಲಾಗಲಿಲ್ಲ. ತಲೆ ಎತ್ತದೆ ಹೇಳಿದಳು: "ಅತ್ತೆ, ಆ ಬಿಳಿ ಗಾಡಿನೇ ನಿಮಗೆ ಸರಿ ಇತ್ತು."

"ಗೊತ್ತು ಕಣೇ."

ಅವಳ ಕೈ ನಿಂತಿತು.

"ಅವತ್ತು ಸಾಯಂಕಾಲವೇ ಚಿಕ್ಕವಳು ಬಂದು ಹೇಳಿದ್ಲು, ಬಿಳಿದು ಹತ್ತೋಕೆ ಸಲೀಸು, ಇನ್ನೊಂದ್ಸಲ ಯೋಚನೆ ಮಾಡಿ ಅಂತ. ಹಿರಿಯಳು ಕೆಂಪು ಅಂದ್ಮೇಲೆ ಕೆಂಪೇ, ಅವಳು ಏನೋ ಯೋಚನೆ ಮಾಡಿಯೇ ಅಂದಿರ್ತಾಳೆ ಅಂದೆ." ಅತ್ತೆ ಕಿಟಕಿಯ ಕಡೆ ನೋಡಿದರು. "ಏನು ಯೋಚನೆ ಅಂತ ನಾನು ಕೇಳಲಿಲ್ಲ. ಈಗಲೂ ಕೇಳಲ್ಲ. ಇಲ್ಲಿ, ಒಳಗಡೆ ಸ್ವಲ್ಪ ಗಟ್ಟಿಯಾಗಿ ತಿಕ್ಕು."

ಅವಳು ತಿಕ್ಕಿದಳು. ನೆಲ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದಳೇನೋ.

ಮರುವಾರದ ಬುಧವಾರ ಕಿರಿಸೊಸೆ ಅರ್ಧ ದಿನ ರಜೆ ಹಾಕಿ ಬಂದಳು. ಕೈಯಲ್ಲಿ ಬಡಗಿಯಿಂದ ಮಾಡಿಸಿದ ಗಿಡ್ಡ ಮೆಟ್ಟಿಲು ಮಣೆ. ಹಿಡಿಯಲು ಎರಡೂ ಕಡೆ ತೂತು, ಕೆಳಗೆ ಜಾರದಂತೆ ರಬ್ಬರು. "ಅತ್ತೆ, ಹೊರಡಿ. ಈಗ ನನಗೆ ಗೇರೂ ಬರುತ್ತೆ!" ಎಂದಳು. ಅತ್ತೆ ಮಣೆಯನ್ನು ತಿರುಗಿಸಿ ನೋಡಿ, "ಎಂಥ ತಲೆಯೇ ನಿನ್ನದು!" ಎಂದು ಅವಳ ಕೆನ್ನೆ ತಟ್ಟಿದರು.

ಹಿರಿಸೊಸೆಗೆ ಮತ್ತೆ ಚುಚ್ಚಿತು. ಇಷ್ಟೆಲ್ಲ ಆದ ಮೇಲೂ ಚುಚ್ಚಿತು. ಒಂದು ಮಣೆ! ಅದೂ ಅವಳಿಗೇ ಹೊಳೆಯಬೇಕಿತ್ತೇ?

ಆದರೂ ಹೋಗಿ ಮಣೆಯನ್ನು ನೆಲಕ್ಕಿಟ್ಟು, ಅಲುಗಾಡದಂತೆ ಪಾದದಿಂದ ಒತ್ತಿ ಹಿಡಿದಳು. ಅತ್ತೆ ಅವಳ ಹೆಗಲು ಹಿಡಿದು, ಒಂದು ಕಾಲಿಟ್ಟು, ಇನ್ನೊಂದು ಕಾಲಿಟ್ಟು, ಉಸ್ಸೆಂದು ಸೀಟಿನಲ್ಲಿ ಕುಳಿತರು.

"ಅಕ್ಕ, ಮಣೆ ನಿಮ್ಮ ಹತ್ರಾನೇ ಇರ್ಲಿ. ಇಳಿಯೋವಾಗ ಬೇಕಲ್ಲ," ಎಂದಳು ಕಿರಿಸೊಸೆ.

ಹಿರಿಸೊಸೆ ಹಿಂದಿನ ಸೀಟಿಗೆ ಹತ್ತಿ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗಾಡಿ ಒಮ್ಮೆ ನಡುಗಿ, ನಿಲ್ಲದೆ ಮುಂದೆ ಹೋಯಿತು. ಮುಂದೆ ಕುಳಿತ ಇಬ್ಬರೂ ಯಾವುದಕ್ಕೋ ನಕ್ಕರು. ಹೊಸ ಮರದ ಮೇಲೆ ಅತ್ತೆಯ ಚಪ್ಪಲಿಯ ಎರಡು ಧೂಳಿನ ಗುರುತುಗಳು ಬಿದ್ದಿದ್ದವು. ಅವುಗಳನ್ನು ಒರೆಸಲೆಂದು ಅವಳು ಸೆರಗಿನ ತುದಿ ಎತ್ತಿದಳು; ಒರೆಸದೆ ಹಾಗೇ ಹಿಡಿದುಕೊಂಡು ಕುಳಿತಳು.